ಕೊರಳುದ್ದದ ನೀರಿನಲ್ಲಿ ನಿಂತವರ ಮಾತು

ಪ್ರಶ್ನೆ: ನನ್ನ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡು ಎಂಟು ತಿಂಗಳಾಯಿತು. ನನಗಿಂತ ಏಳು ವರ್ಷ ಚಿಕ್ಕವನು, ಎತ್ತಿ ಆಡಿಸಿದವಳು ನಾನು. ಬ್ಯಾಂಕಿನ ಕೆಲಸಕ್ಕೆ ಹೋಗಿಬರುತ್ತಿದ್ದೇನೆ, ಮನೆಯಲ್ಲಿ ಅಡುಗೆಯೂ ಆಗುತ್ತದೆ. ಆದರೆ ಸಂಜೆ ಗೇಟು ಸದ್ದಾದರೆ ಈಗಲೂ ಅವನೇ ಬಂದ ಅನ್ನಿಸುತ್ತದೆ. ಅಮ್ಮನ ಮುಂದೆ ಅಳುವ ಹಾಗಿಲ್ಲ. ಬಂದವರೆಲ್ಲ ಧೈರ್ಯ ತುಂಬುವ ಪುಸ್ತಕ ಕೊಟ್ಟುಹೋದರು, ಒಂದರಲ್ಲೂ ಹತ್ತು ಪುಟ ದಾಟಲಾಗಲಿಲ್ಲ. ಕಾಲೇಜಿನಲ್ಲಿ ಓದಿದ್ದ ರನ್ನನ 'ಗದಾಯುದ್ಧ' ತೆಗೆದು ದುರ್ಯೋಧನನ ವಿಲಾಪದ ಪದ್ಯಗಳನ್ನೇ ತಿರುಗಿ ತಿರುಗಿ ಓದುತ್ತಿದ್ದೇನೆ. 'ಕ್ರಮವಿಪರ್ಯಯ' ಎಂಬ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ನಮ್ಮ ಯಜಮಾನರು ಹೆದರಿ ಪುಸ್ತಕವನ್ನು ಅಟ್ಟಕ್ಕೆ ಹಾಕಿದ್ದಾರೆ. ಹತಾಶೆಯ ಸಾಹಿತ್ಯ ಓದಿದರೆ ಹತಾಶೆ ಹೆಚ್ಚುತ್ತದೆಯೇ? ಕಾವ್ಯದಲ್ಲಿ ಬರುವ ಹತಾಶೆಯೂ ನಾವು ಅನುಭವಿಸುವ ಹತಾಶೆಯೂ ಒಂದೇನಾ?

ಉತ್ತರ: ಸೋದರಿ, ಮೊದಲು ಆ ಪುಸ್ತಕವನ್ನು ಅಟ್ಟದಿಂದ ಇಳಿಸಿಕೊಳ್ಳಿ. ನಿಮ್ಮ ಯಜಮಾನರ ಮೇಲೆ ಸಿಟ್ಟಾಗಬೇಡಿ, ಅವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಗಳಲ್ಲಿ ಇದೇ ಪದ್ಯಗಳನ್ನು ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೆ ದುಃಖದಲ್ಲಿರುವವರ ಜೊತೆ ಕೂತು ಅವರ ಮಾತು ಕೇಳುವ ಕೆಲಸವನ್ನೂ ಕೈಲಾದಷ್ಟು ಮಾಡುತ್ತಿದ್ದೇನೆ. ಹಾಗಾಗಿ ನಿಮ್ಮ ಎರಡು ಪ್ರಶ್ನೆಗಳೂ ನನ್ನವೇ ಆಗಿವೆ.

ನೀವು ಕೈಗೆತ್ತಿಕೊಂಡ ಪದ್ಯಗಳಿಂದಲೇ ಶುರು ಮಾಡೋಣ. ರನ್ನ ಹತ್ತನೆಯ ಶತಮಾನದವನು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳೆಗಾರರ ಮನೆಯ ಮಗ. ಅವನ ಕಾವ್ಯದ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನೇ ಭೀಮನೊಂದಿಗೆ ಸಮೀಕರಿಸಿ ಬರೆದದ್ದು. ಹಾಗಿದ್ದರೂ ಸಾವಿರ ವರ್ಷಗಳಿಂದ ಕನ್ನಡಿಗರ ಬಾಯಲ್ಲಿ ಉಳಿದಿರುವುದು ಗೆದ್ದ ಭೀಮನ ಮಾತಿಗಿಂತ ಸೋತ ದುರ್ಯೋಧನನ ಅಳು. ಹದಿನೇಳು ದಿನಗಳ ಯುದ್ಧ ಮುಗಿದಿದೆ. ತೊಂಬತ್ತೊಂಬತ್ತು ತಮ್ಮಂದಿರು ಹೋಗಿದ್ದಾರೆ. ಭೀಷ್ಮನನ್ನು ಕಾಣಲು ಹೊರಟ ದುರ್ಯೋಧನ, ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾ ನಡೆಯುತ್ತಾನೆ. ದಾರಿಯಲ್ಲಿ ಗುರುವಿನ ದೇಹ, ಗೆಳೆಯನ ದೇಹ, ತಮ್ಮನ ದೇಹ, ಮಗನ ದೇಹ. ಒಂದೊಂದರ ಮುಂದೆಯೂ ನಿಲ್ಲುತ್ತಾನೆ. ಮಗ ಲಕ್ಷಣಕುಮಾರನ ಮುಂದೆ ನಿಂತಾಗ ಬರುವುದೇ ನಿಮ್ಮನ್ನು ಹಿಡಿದ ಪದ್ಯ:

'ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಮದುಗೆಟ್ಟೀಗಳ್ ನಿನಗಾಂ ಕುಡುವಂತಾದುದೆ ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ.'

ಅಪ್ಪನಿಗೆ ಮಗ ಎಳ್ಳುನೀರು ಬಿಡುವುದು ಸರಿಯಾದ ಕ್ರಮ. ಅದು ಕೆಟ್ಟು ಈಗ ನಿನಗೆ ನಾನು ಬಿಡುವ ಹಾಗಾಯಿತಲ್ಲ ಮಗನೇ, ನೀನು ಹೀಗೆ ಸರದಿ ತಪ್ಪಿಸಬಹುದೇ, ಎಂದು ಕೇಳುತ್ತಾನೆ. ಮಗುವನ್ನು ಗದರುವ ಧಾಟಿ ಇದೆ ಅದರಲ್ಲಿ. ಊಟಕ್ಕೆ ಕೂತಾಗ ಅಣ್ಣನ ತಟ್ಟೆಗೆ ಕೈಹಾಕಿದ ಹುಡುಗನಿಗೆ 'ಹೀಗೆಲ್ಲ ಮಾಡಬಹುದೇನೋ' ಅನ್ನುತ್ತೇವಲ್ಲ, ಹಾಗೆ. ತಮ್ಮ ದುಶ್ಶಾಸನನ ಮುಂದೆಯೂ ಇದೇ ಲೆಕ್ಕ. ತಾಯಿಯ ಮೊಲೆಹಾಲು ನಾನು ಕುಡಿದ ಮೇಲೆ ನೀನು ಕುಡಿದವನು, ಎಲ್ಲದರಲ್ಲೂ ನನ್ನ ಹಿಂದೆ ಬಂದವನು, ಸಾವಿನಲ್ಲಿ ಮಾತ್ರ ಮುಂದೆ ಹೋಗಿಬಿಟ್ಟೆ ಎನ್ನುತ್ತಾನೆ. ಏಳು ವರ್ಷ ಚಿಕ್ಕ ತಮ್ಮನನ್ನು ಕಳೆದುಕೊಂಡ ಅಕ್ಕನಿಗೆ ಈ ಸಾಲುಗಳ ಹತ್ತಿರ ಹೋಗಬೇಕು ಅನ್ನಿಸಿದ್ದು ಸಹಜವೇ. ಧೈರ್ಯ ಹೇಳುವ ಪುಸ್ತಕದಲ್ಲಿ ಈ ಮಾತು ಸಿಗುವುದಿಲ್ಲ. ನಿಮಗೆ ಆದದ್ದು ಬರೀ ನಷ್ಟವಲ್ಲ, ಅದು ಸರದಿ ತಪ್ಪಿದ್ದು. ಅದಕ್ಕೆ ರನ್ನ ಹೆಸರಿಟ್ಟ. ಹೆಸರು ಸಿಕ್ಕದ ನೋವನ್ನು ಇಡಲು ಮನಸ್ಸಿನಲ್ಲಿ ಜಾಗ ಸಿಗುವುದಿಲ್ಲ, ಅದು ಮನೆತುಂಬ ಓಡಾಡುತ್ತದೆ.

ಈ ಪದ್ಯಗಳಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಗಮನಿಸಲು ನನಗೇ ಬಹಳ ವರ್ಷ ಬೇಕಾಯಿತು. ದುರ್ಯೋಧನ ಯಾರ ಬಗ್ಗೆಯೂ ಮಾತಾಡುತ್ತಿಲ್ಲ, ಅವರ ಜೊತೆಗೇ ಮಾತಾಡುತ್ತಿದ್ದಾನೆ. 'ತನೂಜ ನೀಂ' ಎನ್ನುತ್ತಾನೆ. ಕರ್ಣನ ಮುಂದೆ, 'ನೀನು ಯಾರೆಂದು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ಬೇರೆ ಯಾರೂ ಅರಿಯರು' ಎಂದು ಗುಟ್ಟು ಹೇಳುವವನಂತೆ ಹೇಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನೂ ಬಿಡುವುದಿಲ್ಲ. ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನಮಗೂ ಸಿಗಲಿ ಎಂದು ಅವನನ್ನೇ ಬೇಡಿಕೊಳ್ಳುತ್ತಾನೆ. ಉತ್ತರ ಕೊಡಲಾರದವರಿಗೆ ಹೇಳಿದ ಮಾತು ನಿಜ, ಆದರೆ ಪ್ರತಿ ಮಾತಿಗೂ ಎದುರಿಗೆ ಒಬ್ಬ 'ನೀನು' ಇದ್ದಾನೆ. ಸಾಹಿತ್ಯದ ಹತಾಶೆಗೂ ಬದುಕಿನ ಹತಾಶೆಗೂ ಏನು ವ್ಯತ್ಯಾಸ ಎಂದು ಕೇಳಿದಿರಲ್ಲ, ಅದು ಇಲ್ಲಿಯೇ ಇದೆ.

ಬಸವಣ್ಣನವರ ಒಂದು ವಚನ ಇದನ್ನು ಅಳತೆಗೋಲು ಇಟ್ಟ ಹಾಗೆ ತೋರಿಸುತ್ತದೆ. ಸಂಸಾರಸಾಗರದ ತೆರೆ ಕೊಬ್ಬಿ ಮುಖಕ್ಕೆ ಅಪ್ಪಳಿಸುತ್ತಿದೆ. ನೀರು ಏರುತ್ತಿದೆ. ಉರದುದ್ದವೇ ಹೇಳಾ, ಕೊರಳುದ್ದವೇ ಹೇಳಾ ಎಂದು ಕೇಳುತ್ತಾರೆ. ಆಮೇಲೆ, 'ಸಿರದುದ್ದವಾದ ಬಳಿಕ ಏನ ಹೇಳುವೆನಯ್ಯಾ' ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ 'ಅಯ್ಯಾ, ಅಯ್ಯಾ, ಎನ್ನ ಹುಯ್ಯಲ ಕೇಳಯ್ಯಾ' ಎಂಬ ಕೂಗು. ಎದೆಮಟ್ಟದ ನೀರಿನಲ್ಲಿ ಮನುಷ್ಯ ನಡೆಯಬಲ್ಲ. ಕೊರಳಿನ ಮಟ್ಟಕ್ಕೆ ಬಂದಾಗ ಕೈಕಾಲು ನಡೆಯುವುದಿಲ್ಲ, ಬಾಯಿ ಮಾತ್ರ ನೀರಿನ ಮೇಲಿರುತ್ತದೆ. ತಲೆ ಮುಳುಗಿದ ಮೇಲೆ ಹೇಳಲು ಏನೂ ಇಲ್ಲ, ಹೇಳುವ ಉಸಿರೇ ಇಲ್ಲ.

ಕಾವ್ಯದಲ್ಲಿರುವ ಹತಾಶೆಯೆಲ್ಲ ಕೊರಳುದ್ದದ ನೀರಿನಲ್ಲಿ ನಿಂತವರ ಮಾತು. ನೀರು ಇನ್ನೂ ಕೊರಳಿಗೆ ಬಾರದವರಿಗೆ ಆ ಮಾತು ಬೇಕಾಗುವುದಿಲ್ಲ. ಮುಳುಗಿದವರ ಮಾತು ನಮಗೆ ತಲುಪುವುದಿಲ್ಲ. ಬದುಕಿನಲ್ಲಿ ಮಾತ್ರ ಹತಾಶೆ ಕೊರಳನ್ನು ದಾಟಿ ಹೋಗಬಲ್ಲದು. ಆಗ ಅದು ಕವಿತೆಯ ಹಾಗಿರುವುದಿಲ್ಲ, ಕೂಗುವುದೂ ಇಲ್ಲ. ಅದನ್ನು ಗುರುತಿಸುವುದು ಕಷ್ಟ ಅಂತಲೇ ಅದು ಅಪಾಯ.

ರನ್ನನಲ್ಲಿಯೇ ನೋಡಿ. ಇಷ್ಟೆಲ್ಲ ಮಾತಾಡಿದ ದುರ್ಯೋಧನ ಆಮೇಲೆ ಭೀಷ್ಮನ ಸಲಹೆಯಂತೆ ವೈಶಂಪಾಯನ ಸರೋವರದೊಳಗೆ ಹೋಗಿ ಅಡಗುತ್ತಾನೆ. ಆಗ ನೀರು ನಿಜಕ್ಕೂ ಸಿರದುದ್ದ. ಅಲ್ಲಿ ಅವನಿಗೆ ಮಾತಿಲ್ಲ. ಅವನನ್ನು ಮತ್ತೆ ಮೇಲೆಬ್ಬಿಸುವುದು ದಡದಿಂದ ಬಂದ ಭೀಮನ ಕೂಗು. ಆ ದನಿ ಕೇಳಿ 'ನೀರೊಳಗಿರ್ದುಂ ಬೆಮರ್ದನುರಗಪತಾಕಂ', ಅಂದರೆ ಹಾವಿನ ಬಾವುಟದ ದುರ್ಯೋಧನ ನೀರೊಳಗಿದ್ದೂ ಬೆವರಿದ. ಪರೀಕ್ಷೆಯಲ್ಲಿ ಈ ಸಾಲನ್ನು ರೌದ್ರಕ್ಕೆ ಉದಾಹರಣೆಯಾಗಿ ಬರೆಸುತ್ತೇವೆ, ಸರಿಯೇ. ನನಗೆ ಮಾತ್ರ ಈಚೆಗೆ ಅದು ಬೇರೆ ಥರ ಕೇಳುತ್ತದೆ. ಅಷ್ಟು ಆಳದಲ್ಲಿ ಕೂತವನಿಗೂ ದಡದ ದನಿ ಮುಟ್ಟಿತು, ತಣ್ಣೀರಿನಲ್ಲಿ ಮೈ ಬೆವರಿತು, ಅಂದರೆ ಅವನಿನ್ನೂ ಬದುಕಿದ್ದ. ಕರೆದವನು ವೈರಿ ಎಂಬುದು ಅವನ ದುರಂತ. ಇದು ನನ್ನ ಓದು, ನೀವು ಒಪ್ಪಲೇಬೇಕೆಂದಿಲ್ಲ.

ಗೇಟಿನ ಸದ್ದಿನ ವಿಷಯ ಬರೆದಿದ್ದೀರಿ. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಲ್ಲಿ ಚಂದ್ರಮತಿ ಮಗನಿಗಾಗಿ ಕಾಯುವ ಜಾಗವನ್ನು ಓದಿದ್ದೀರಾ? ದಾಸಿಯಾಗಿ ದುಡಿಯುವ ತಾಯಿ. ಕಾಡಿಗೆ ಹೋದ ಹುಡುಗ ಹೊತ್ತು ಮುಳುಗಿದರೂ ಬಂದಿಲ್ಲ. ಹಾವು ಕಚ್ಚಿದ್ದು ಅವಳಿಗೆ ಗೊತ್ತಿಲ್ಲ. ಯಾರಾದರೂ ಬಂದರೆ 'ಲೋಹಿತಾಶ್ವಾ' ಅನ್ನುತ್ತಾಳೆ. ದಾರಿಯಲ್ಲಿ ಯಾರಾದರೂ ನಿಂತರೆ 'ಲೋಹಿತಾಶ್ವಾ'. ಗಾಳಿ ಗಿರಿಕ್ ಎಂದರೂ 'ಲೋಹಿತಾಶ್ವಾ'. ಆ ಷಟ್ಪದಿಯನ್ನು ಗಟ್ಟಿಯಾಗಿ ಓದಿದರೆ ಹೆಸರು ಬಂದಾಗಲೆಲ್ಲ ಉಸಿರು ಮೇಲೆದ್ದು ಕೆಳಗೆ ಬೀಳುತ್ತದೆ. ಹದಿಮೂರನೆಯ ಶತಮಾನದ ಕವಿಗೆ ನಿಮ್ಮ ಮನೆಯ ಗೇಟು ಗೊತ್ತಿತ್ತು. ಸತ್ತ ಸುದ್ದಿ ತಿಳಿದ ನಿಮಗೂ ತಿಳಿಯದ ಅವಳಿಗೂ ಕಿವಿ ಒಂದೇ ರೀತಿ ಕೆಲಸ ಮಾಡುತ್ತಿದೆ. ತಲೆಗೆ ಗೊತ್ತಾದದ್ದು ಕಿವಿಗೆ ಗೊತ್ತಾಗಲು ಸಮಯ ಹಿಡಿಯುತ್ತದೆ. ನಿಮಗೆ ತಲೆ ಕೆಡುತ್ತಿದೆಯೇನೋ ಎಂಬ ಭಯ ಇದ್ದರೆ ಬಿಡಿ. ಹತ್ತಿರದವರನ್ನು ಕಳೆದುಕೊಂಡ ಎಷ್ಟೋ ಮಂದಿಗೆ ಹೀಗಾಗುತ್ತದೆ.

ನಮ್ಮ ಕಡೆ, ಅಂದರೆ ಕೃಷ್ಣೆಯ ಬಯಲಿನ ಹಳ್ಳಿಗಳಲ್ಲಿ, ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಿದ್ದರು. ನಾನು ಆರೋ ಏಳೋ ವರ್ಷದವನಿದ್ದಾಗ ಓಣಿಯ ಅಜ್ಜಿಯೊಬ್ಬಳ ಮಗ ತೀರಿಕೊಂಡ. ಆ ಅಜ್ಜಿ ಅವನ ಎದೆಯ ಮೇಲೆ ಕೈಯಿಟ್ಟು, 'ನಿನ್ನೆ ರೊಟ್ಟಿ ಮೆತ್ತಗಾಗ್ಯಾವ ಅಂದಿದ್ದೆಲ್ಲೋ, ಇವತ್ತು ಬಿಸಿ ಮಾಡೀನಿ, ಏಳೋ' ಎಂದು ರಾಗ ತೆಗೆದದ್ದು ಈಗಲೂ ಕಿವಿಯಲ್ಲಿದೆ. ಸುತ್ತ ಕೂತ ಹೆಂಗಸರು ಒಂದೊಂದು ಸಾಲಿಗೂ ದನಿಗೂಡಿಸುತ್ತಿದ್ದರು. ಅವಳು ಮಗನಿಗೆ ಹೇಳುತ್ತಿದ್ದಳು, ಓಣಿ ಕೇಳುತ್ತಿತ್ತು. ರನ್ನ ಇದನ್ನು ಕೇಳಿಯೇ ಬೆಳೆದಿರಬೇಕು ಎಂದು ನನಗೆ ಅನ್ನಿಸುತ್ತದೆ. ಮೊಹರಂ ಬಂದರೆ ಅದೇ ಹಳ್ಳಿಗಳಲ್ಲಿ ಹಿಂದೂ, ಮುಸಲ್ಮಾನರು ಸೇರಿ ರಿವಾಯತ ಪದ, ಅಂದರೆ ಮೊಹರಂನ ಶೋಕದ ಹಾಡು, ಹಾಡುತ್ತಾರೆ. ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿ, ಯುದ್ಧದಲ್ಲಿ ಮಡಿದವರಿಗಾಗಿ ಇಂದಿಗೂ ಕನ್ನಡದಲ್ಲಿ ಅಳುವವರಿದ್ದಾರೆ. ಅಂಥ ಅಳುವಿಗೆ ಒಂದು ದಿನ, ಒಂದು ಜಾಗ, ಜೊತೆಗೆ ನಾಲ್ಕು ಜನ ಇದ್ದಾರೆ.

ನಿಮಗೆ ಸಿಕ್ಕಿದ್ದೇನು? ಹದಿಮೂರು ದಿನ ಮುಗಿಯುವುದರೊಳಗೆ ಎಲ್ಲರೂ ಹೊರಟರು, ರಜೆ ಮುಗಿಯಿತು, 'ಗಟ್ಟಿಯಾಗಿರಬೇಕು' ಎಂಬ ಮಾತು ಉಳಿಯಿತು. ಅಮ್ಮನ ಮುಂದೆ ಅಳುವಂತಿಲ್ಲ. ಹಾಗಾಗಿ ಹೋಗಿ ದುರ್ಯೋಧನನ ಪಕ್ಕದಲ್ಲಿ ಕೂತಿರಿ. ದನಿಗೂಡಿಸುವ ಹೆಂಗಸರಿಲ್ಲದ ಮನೆಯಲ್ಲಿ ಆ ಕೆಲಸವನ್ನು ಒಂದು ಹಳೆಯ ಕಾವ್ಯ ಮಾಡಿತು. ಇದರಲ್ಲಿ ರೋಗ ಎಲ್ಲಿದೆ?

'ಹತಾಶೆ' ಎಂಬ ಶಬ್ದವನ್ನು ನಾವು ಈಗ ಎಲ್ಲದಕ್ಕೂ ಬಳಸುತ್ತೇವೆ. ಕ್ರಿಕೆಟ್ ಸೋತರೂ ಅಭಿಮಾನಿಗಳಿಗೆ ಹತಾಶೆ ಎಂದೇ ಪತ್ರಿಕೆಯಲ್ಲಿ ಬರುತ್ತದೆ. ಶಬ್ದದೊಳಗೆ ಇರುವುದು ಕೊಂದುಹಾಕಿದ ಆಸೆ. ನಿರಾಶೆಯಲ್ಲಿ ಆಸೆ ಇಲ್ಲವಾಗಿರುತ್ತದೆ, ಹತಾಶೆಯಲ್ಲಿ ಯಾರೋ ಏನೋ ಅದನ್ನು ಸಾಯಿಸಿರುತ್ತದೆ. ನಮ್ಮ ಹಳಬರು ಇಂಥ ಭಾವಗಳನ್ನು ಬಿಡಿಬಿಡಿಯಾಗಿ ಎಣಿಸಿದ್ದರು. ಭರತನ ನಾಟ್ಯಶಾಸ್ತ್ರದ 33 ಸಂಚಾರಿ ಭಾವಗಳ ಪಟ್ಟಿ ನಿರ್ವೇದದಿಂದಲೇ, ಅಂದರೆ ಏನೂ ಬೇಡವೆನ್ನಿಸುವ ಭಾವದಿಂದಲೇ, ಶುರುವಾಗುತ್ತದೆ. ವಿಷಾದ, ದೈನ್ಯ, ಚಿಂತೆ, ಗ್ಲಾನಿ ಅಲ್ಲಿಯೇ ಬರುತ್ತವೆ. ಶೋಕವನ್ನು ಭರತ ಸ್ಥಾಯಿ ಎಂದ, ಮನೆಯಲ್ಲಿ ಇರುವವನು. ವಿಷಾದ ನಿರ್ವೇದಗಳನ್ನು ಸಂಚಾರಿ ಎಂದ, ಬಂದು ಹೋಗುವವರು. ರಂಗಭೂಮಿಗಾಗಿ ಮಾಡಿದ ವಿಂಗಡಣೆ ಇದು, ವೈದ್ಯಶಾಸ್ತ್ರವಲ್ಲ. ಆದರೂ ನಿಮ್ಮ ಮಟ್ಟಿಗೆ ಇದನ್ನು ಹೀಗೆ ಇಟ್ಟುಕೊಳ್ಳಿ: ತಮ್ಮನ ಶೋಕ ನಿಮ್ಮ ಜೊತೆ ಇರುತ್ತದೆ, ಅದನ್ನು ಓಡಿಸಬೇಕಿಲ್ಲ. 'ಇನ್ನೇನೂ ಇಲ್ಲ, ಎಲ್ಲ ಮುಗಿಯಿತು' ಎಂಬ ಭಾವ ಬಂದರೆ ಅದು ಬಂದು ಹೋಗಬೇಕಾದದ್ದು. ಅದು ಬಂದು ಬೀಡುಬಿಟ್ಟರೆ ಮಾತ್ರ ಎಚ್ಚರಾಗಬೇಕು.

ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ವಿಷಾದ ಹೇಗೆ ಯೋಗವಾದೀತು ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಅಲ್ಲಿ ಅರ್ಜುನ ತನ್ನ ಮೈಯನ್ನೇ ವರ್ಣಿಸುತ್ತಾನೆ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲಾಗುತ್ತಿಲ್ಲ. ನಮ್ಮ ಊರಿನ ದವಾಖಾನೆಗಳಲ್ಲಿ ಇವತ್ತಿಗೂ ಜನ ತಮ್ಮ ಹತಾಶೆಯನ್ನು ಹೀಗೇ ಹೇಳುತ್ತಾರೆ: ಎದೆ ಉರಿ, ತಲೆ ಭಾರ, ಕೈಕಾಲಿನಲ್ಲಿ ಜೀವ ಇಲ್ಲ. 'ನನಗೆ ಖಿನ್ನತೆ' ಎಂದು ಬಂದು ಕೂರುವವರು ಕಡಿಮೆ. ಅರ್ಜುನನ ಅದೃಷ್ಟ ಏನೆಂದರೆ, ಇದನ್ನೆಲ್ಲ ಹೇಳುವಾಗ ಒಂದೇ ರಥದಲ್ಲಿ ಕೇಳುವವನೊಬ್ಬ ಇದ್ದ. ವಿಷಾದದ ಮುಂದೆ ಯೋಗ ಎಂಬ ಮಾತು ಸೇರಿಕೊಳ್ಳಲು ನನ್ನ ಮಟ್ಟಿಗೆ ಇಷ್ಟೇ ಕಾರಣ ಸಾಕು.

ಈಗ, ಓದಿದರೆ ಹತಾಶೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆ. ನಿಮ್ಮ ಯಜಮಾನರ ಭಯಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ ಎಂದು ಹೇಳಲಾರೆ. ಜರ್ಮನಿಯ ಗಯಟೆ 1774ರಲ್ಲಿ ಬರೆದ ವೆರ್ಥರ್ ಕಾದಂಬರಿಯಲ್ಲಿ ಪ್ರೇಮದಲ್ಲಿ ಸೋತ ಯುವಕ ಪ್ರಾಣ ಕಳೆದುಕೊಳ್ಳುತ್ತಾನೆ. ಅವನ ಹಾಗೆ ನೀಲಿ ಕೋಟು ಹಳದಿ ವೇಸ್ಟ್‌ಕೋಟು ತೊಡುವುದು ಯುರೋಪಿನ ಹುಡುಗರಿಗೆ ಒಂದು ಗೀಳಾಯಿತು. ಕೆಲವರು ಅವನ ಸಾವನ್ನೂ ಅನುಕರಿಸುತ್ತಾರೆಂಬ ಭಯ ಹಬ್ಬಿತು, ಲೈಪ್‌ಜಿಗ್ ನಗರದಲ್ಲಿ ಪುಸ್ತಕವನ್ನು ನಿಷೇಧಿಸಿದರು. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ, ಪತ್ರಿಕೆಗಳು ಆತ್ಮಹತ್ಯೆಯ ಸುದ್ದಿಯನ್ನು ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ ಮೇಲೆ ಅಂಥ ಸಾವುಗಳು ಹೆಚ್ಚುವುದನ್ನು ಅಂಕಿಅಂಶಗಳಲ್ಲಿ ತೋರಿಸಿ, ಅದಕ್ಕೆ ವೆರ್ಥರ್ ಪರಿಣಾಮ ಎಂದು ಹೆಸರಿಟ್ಟರು. ಇದು ನಿಜ. ಅದಕ್ಕೇ ಸಾವನ್ನು ಚೆಂದಗಾಣಿಸುವ, ಸಾಯುವ ವಿಧಾನವನ್ನು ಬಿಡಿಸಿ ಹೇಳುವ ಬರಹವನ್ನು ನಾನು ಕೊರಳುದ್ದದ ನೀರಿನಲ್ಲಿರುವವರ ಕೈಗೆ ಕೊಡುವುದಿಲ್ಲ. ಅದು ಎಷ್ಟೇ ದೊಡ್ಡ ಕೃತಿಯಾಗಿರಲಿ, ಕಾಯಲಿ.

ಆದರೆ ಆ ಕಥೆಗೆ ಇನ್ನೊಂದು ತುದಿಯಿದೆ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಸಾಯುವ ಯೋಚನೆ ಬಂದರೂ ಕಷ್ಟವನ್ನು ದಾಟಿ ಬಂದವರ ವೃತ್ತಾಂತ ಪತ್ರಿಕೆಯಲ್ಲಿ ಬಂದ ನಂತರ ಆತ್ಮಹತ್ಯೆಗಳು ಕಡಿಮೆಯಾದದ್ದು ಕಂಡಿತು. ಅದಕ್ಕೆ ಅವರು ಕೊಟ್ಟ ಹೆಸರು ಪಾಪಗೇನೊ ಪರಿಣಾಮ. ಪಾಪಗೇನೊ ಎಂಬವನು ಮೊಜಾರ್ಟ್‌ನ 1791ರ ಸಂಗೀತನಾಟಕದಲ್ಲಿ ಬರುವ ಹಕ್ಕಿ ಹಿಡಿಯುವವನು. ಪ್ರೀತಿಸಿದವಳು ಸಿಗುವುದಿಲ್ಲವೆಂದು ಸಾಯಲು ಹೊರಟಾಗ ಮೂವರು ಹುಡುಗರು ಬಂದು, ನಿನ್ನ ಹತ್ತಿರ ಗೆಜ್ಜೆಗಂಟೆ ಇದೆಯಲ್ಲ, ಬಾರಿಸು ಎಂದು ನೆನಪಿಸುತ್ತಾರೆ. ಇಲ್ಲೂ ಮತ್ತೆ ದಡದಿಂದ ಒಂದು ಕೂಗು. ಹಾಗಾಗಿ, ಹಬ್ಬುವುದು ದುಃಖ ಅಲ್ಲ. ದುಃಖಕ್ಕೆ ಸಾವೊಂದೇ ಬಾಗಿಲು ಎಂಬ ಕಲ್ಪನೆ ಹಬ್ಬುತ್ತದೆ. ರನ್ನನ ವಿಲಾಪದಲ್ಲಿ ನೀವು ಓದುತ್ತಿರುವುದು ಬಾಗಿಲನ್ನಲ್ಲ, ದುಃಖವನ್ನು. ನವ್ಯ ಕಾಲದ ಕೆಲವು ಕಥೆಗಳ ಬಗ್ಗೆ ನಾನು ಇದೇ ಮಾತು ಹೇಳಲಾರೆ. ಬಾಡಿಗೆ ಕೋಣೆಯಲ್ಲಿ ತನ್ನೊಂದಿಗೇ ಮಾತಾಡಿಕೊಳ್ಳುವ ಒಂಟಿ ಮನುಷ್ಯರ ಆ ಕಥೆಗಳು ನನಗೆ ಬಹಳ ಪ್ರಿಯ, ಆದರೆ ಅವನ್ನು ನೀವು ಇನ್ನೊಂದು ವರ್ಷ ಬಿಟ್ಟು ಓದಿ.

ಸಿರದುದ್ದದ ನೀರು ಹೇಗಿರುತ್ತದೆ ಎಂದು ನಾನು ಕಲಿತದ್ದು ಪುಸ್ತಕದಿಂದಲ್ಲ, ಕಾಲೇಜಿನ ಗ್ರಂಥಾಲಯದ ಒಬ್ಬ ಅಟೆಂಡರಿಂದ. ಪದವಿ ತರಗತಿಯಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬ ವಾರಕ್ಕೊಂದು ಕಣ್ಣೀರಿನ ಕವಿತೆ ಬರೆದು ತಂದು ತೋರಿಸುತ್ತಿದ್ದ. ಅವನ ಬಗ್ಗೆ ನನಗೆ ಸದಾ ಚಿಂತೆ. ಇನ್ನೊಬ್ಬ ಹಾಸ್ಟೆಲಿನಲ್ಲಿದ್ದ ಶಾಂತ ಹುಡುಗ, ಪ್ರಶ್ನೆ ಕೇಳಿದರೆ ನಗುತ್ತಿದ್ದ, ಅವನ ಬಗ್ಗೆ ನನಗೆ ಯೋಚನೆಯೇ ಇರಲಿಲ್ಲ. ಒಂದು ಮಧ್ಯಾಹ್ನ ಅಟೆಂಡರ್ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, 'ಸರ್, ಆ ಹುಡುಗ ಪುಸ್ತಕ ಎಲ್ಲಾ ತಂದುಕೊಟ್ಟ. ಪರೀಕ್ಷೆ ಇನ್ನೂ ಎರಡು ತಿಂಗಳಿದೆ. ಕಾರ್ಡೂ ಕೊಟ್ಟುಬಿಟ್ಟ. ಮಡಚಿದ್ದ ಹಾಳೆ ಎಲ್ಲಾ ಬಿಡಿಸಿ ನೀಟಾಗಿ ಜೋಡಿಸಿ ತಂದಾನ. ನನಗ್ಯಾಕೋ ಸರಿ ಕಾಣಲಿಲ್ಲ' ಎಂದ. ನಾನು ಏನೂ ಅರ್ಥವಾಗದೆ ಅವನ ಮುಖ ನೋಡಿದೆ. ಅವನೇ ನನ್ನ ಸ್ಕೂಟರಿನ ಕೀಲಿ ತಂದು ಕೈಗಿಟ್ಟ.

ಹಾಸ್ಟೆಲಿಗೆ ಹೋದಾಗ ಹುಡುಗ ಹಾಸಿಗೆ ಸುತ್ತಿಟ್ಟು ಗೋಡೆಗೆ ಒರಗಿ ಕೂತಿದ್ದ. ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಸಾಯಬೇಕು ಅನ್ನಿಸಿದೆಯೇನಪ್ಪ ಎಂದು ನೇರವಾಗಿ ಕೇಳಿದೆ. ಕೇಳಬಾರದಿತ್ತೇನೋ ಎಂದು ಆಗ ಹೆದರಿದ್ದೆ. ಹಾಗೆ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದೂ ಇಲ್ಲ, ಹೆಚ್ಚುವುದೂ ಇಲ್ಲ ಎಂಬುದನ್ನು ಮನೋವೈದ್ಯರಿಂದ ತಿಳಿದದ್ದು ಆಮೇಲೆ. ಅವನು ಬಹಳ ಹೊತ್ತು ಸುಮ್ಮನಿದ್ದು, 'ಹೂಂ ಸರ್' ಎಂದ. ಆ ಎರಡು ಶಬ್ದ ಬಾಯಿಂದ ಬಂದ ಮೇಲೆ ಅಳು ಬಂತು, ಅಳುವಿನ ಜೊತೆ ಅಪ್ಪನ ಸಾಲದ ಕಥೆ, ಎರಡು ವಿಷಯಗಳಲ್ಲಿ ನಪಾಸಾದದ್ದು, ಊರಿಗೆ ಸುಳ್ಳು ಹೇಳಿದ್ದು, ಎಲ್ಲ ಬಂತು. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಲಿಲ್ಲ, ಮರುದಿನ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಈಗ ಅವನಿಗೆ ಗೊಬ್ಬರದ ಅಂಗಡಿ ಇದೆ, ಇಬ್ಬರು ಮಕ್ಕಳು. ಅಟೆಂಡರ್ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಸಾಹಿತ್ಯದ ಪಾಠ ಮಾಡುವ ನನಗೆ ಕಾಣದ್ದು, ಬಿಡಿಸಿದ ಹಾಳೆಗಳಲ್ಲಿ ಆ ಮನುಷ್ಯನಿಗೆ ಕಂಡಿತ್ತು.

ಮನಶ್ಶಾಸ್ತ್ರದಲ್ಲಿ ಏರನ್ ಬೆಕ್ ಅವರ ಹೆಸರು ದೊಡ್ಡದು. 1974ರಲ್ಲಿ ಅವರೂ ಜೊತೆಗಾರರೂ ಹತಾಶೆಯನ್ನು ಅಳೆಯಲು 20 ಹೇಳಿಕೆಗಳ ಒಂದು ಮಾಪನ ಮಾಡಿದರು. ಅದು ವ್ಯಕ್ತಿ ಎಷ್ಟು ಅಳುತ್ತಾನೆ ಎಂದು ಕೇಳುವುದಿಲ್ಲ, ಮುಂದಿನ ದಿನಗಳು ಅವನಿಗೆ ಹೇಗೆ ಕಾಣುತ್ತವೆ ಎಂದು ಕೇಳುತ್ತದೆ. ಎಷ್ಟು ದುಃಖ ಇದೆ ಎಂಬುದಕ್ಕಿಂತ ನಾಳೆ ಕಾಣಿಸುತ್ತಿದೆಯೇ ಎಂಬುದು ಮುಖ್ಯ ಎಂದು ಅವರ ಮುಂದಿನ ಅಧ್ಯಯನಗಳೂ ತೋರಿಸಿದವು. ಹಾಗಾಗಿ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದದ್ದು, ಎಷ್ಟು ಅತ್ತೆ ಎಂದಲ್ಲ. ಬರುವ ದೀಪಾವಳಿಗೆ ಏನು ಮಾಡುವುದು ಎಂದು ಯೋಚಿಸಲು ಆಗುತ್ತಿದೆಯೇ, ಅಥವಾ ಆ ಜಾಗದಲ್ಲಿ ಬರೀ ಗೋಡೆ ಇದೆಯೇ? ನಿದ್ದೆ, ಊಟ, ಕೆಲಸ ಒಂದೊಂದಾಗಿ ಕೈಬಿಡುತ್ತಿವೆಯೇ? ತಮ್ಮನ ಹತ್ತಿರ ಹೋಗಿಬಿಡಬೇಕು ಎಂಬ ಯೋಚನೆ ಬರುತ್ತಿದೆಯೇ? ಆ ಪದ್ಯಗಳನ್ನೂ ಓದಲು ಮನಸ್ಸಾಗದಂತೆ ಒಳಗೆ ಎಲ್ಲ ಮರಗಟ್ಟುತ್ತಿದೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದಾದರೆ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಮ ಪತ್ರ ನೋಡಿದರೆ ನೀವು ಆ ಸ್ಥಿತಿಗೆ ಹೋಗಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಆದರೆ ಪತ್ರದಲ್ಲಿ ಬರೆಯದ್ದು ಏನಾದರೂ ಇದ್ದರೆ ಅದು ನಿಮಗೊಬ್ಬರಿಗೇ ಗೊತ್ತು.

ಒಂದು ವಿಷಯ ಬಿಟ್ಟರೆ ತಪ್ಪಾಗುತ್ತದೆ. ಎಲ್ಲ ಹತಾಶೆಯೂ ಮನಸ್ಸಿನಿಂದ ಹುಟ್ಟುವುದಿಲ್ಲ, ಎಲ್ಲವೂ ಮಾತಾಡಿದರೆ ಹಗುರಾಗುವುದಿಲ್ಲ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯ ಚೋಮನಿಗೆ ಬೇಕಾದದ್ದು ಸಾಗುವಳಿಗೆ ಒಂದು ತುಂಡು ಭೂಮಿ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಗುವುದಿಲ್ಲ, ತೀರದ ಸಾಲ ಮಕ್ಕಳನ್ನೂ ತಿನ್ನುತ್ತದೆ. ಅವನಿಗೆ ಹೇಳಿಕೊಳ್ಳಲು ಉಳಿದದ್ದು ಒಂದು ದುಡಿ. ಕೊನೆಗೆ ಬಾಗಿಲು ಹಾಕಿಕೊಂಡು ಅದನ್ನೇ ಬಾರಿಸುತ್ತಾ ಪ್ರಾಣ ಬಿಡುತ್ತಾನೆ. ಊರಿಗೆಲ್ಲ ಸದ್ದು ಕೇಳುತ್ತದೆ, ಯಾರೂ ಅದನ್ನು ಹುಯ್ಯಲೆಂದು ಕೇಳುವುದಿಲ್ಲ. ಚೋಮನಿಗೆ ಬೇಕಿದ್ದದ್ದು ಸಾಂತ್ವನವಲ್ಲ, ಭೂಮಿ. ಆ ಹಾಸ್ಟೆಲ್ ಹುಡುಗನಿಗೂ ನಮ್ಮ ಮಾತಿನ ಜೊತೆಗೆ ಅಪ್ಪನ ಸಾಲಕ್ಕೊಂದು ದಾರಿ ಬೇಕಿತ್ತು. ನಾಲ್ಕಾರು ಜನ ಸೇರಿ ಅದನ್ನು ಹುಡುಕಿದ್ದಕ್ಕೇ ಅವನು ದಡ ಹತ್ತಿದ. ನಿಮ್ಮ ತಮ್ಮನ ವಿಮೆ, ಪರಿಹಾರ, ಕೋರ್ಟಿನ ಓಡಾಟ ಏನಾದರೂ ನಿಮ್ಮೊಬ್ಬರ ತಲೆಯ ಮೇಲೆ ಬಿದ್ದಿದ್ದರೆ ಅದನ್ನು ಹಂಚಿಕೊಳ್ಳಿ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕಾಗದಪತ್ರ ಗೊತ್ತಿರುವವಳು ಎಂದು ಮನೆಯವರು ನಿಮಗೇ ಬಿಟ್ಟಿರುವ ಸಾಧ್ಯತೆ ಹೆಚ್ಚು.

ಇನ್ನು ನಿಮ್ಮ ಯಜಮಾನರು. ಬೇಂದ್ರೆಯವರು ತಮ್ಮ ಮಕ್ಕಳಲ್ಲಿ ಹಲವರನ್ನು ಕಣ್ಣೆದುರೇ ಕಳೆದುಕೊಂಡವರು. ಮಗು ಹೋದ ಮನೆಯಲ್ಲಿ ಗಂಡ ಹೆಂಡತಿಗೆ ಹೇಳುವ ಮಾತಾಗಿ ಅವರು ಬರೆದದ್ದು 'ನೀ ಹೀಂಗ ನೋಡಬ್ಯಾಡ ನನ್ನ'. ಆ ಗಂಡ ಧೈರ್ಯ ಹೇಳುವುದಿಲ್ಲ. ನೀನು ಹೀಗೆ ನೋಡಿದರೆ ನಾನು ತಿರುಗಿ ನಿನ್ನನ್ನು ಹೇಗೆ ನೋಡಲಿ ಎಂದು ಒದ್ದಾಡುತ್ತಾನೆ. ಅವನಿಗೂ ನೀರು ಕೊರಳಿಗೆ ಬಂದಿದೆ, ಅವಳ ಕಣ್ಣಲ್ಲಿ ತನ್ನ ನೀರಿನ ಮಟ್ಟ ಕಾಣುತ್ತದೆ. ನಿಮ್ಮ ಯಜಮಾನರು ಪುಸ್ತಕವನ್ನು ಅಟ್ಟಕ್ಕೆ ಹಾಕಿದ್ದು ರನ್ನನ ಭಯಕ್ಕೆ ಇರಲಾರದು. ರಾತ್ರಿ ದೀಪದ ಕೆಳಗೆ ಪುಸ್ತಕ ಹಿಡಿದು ಕೂತ ನಿಮ್ಮ ಮುಖವನ್ನು ನೋಡಲು ಅವರಿಂದ ಆಗಿರಲಿಕ್ಕಿಲ್ಲ. ಅದನ್ನು ಹೇಳಲು ಬಾರದೆ ಪುಸ್ತಕ ಎತ್ತಿಟ್ಟರು. ಅವರಿಗೂ ಆ ಹುಡುಗ ಭಾವಮೈದುನ, ನಿಮ್ಮ ಮದುವೆಯಲ್ಲಿ ಓಡಾಡಿದವನು. ಅವರು ಎಲ್ಲಿ ಅತ್ತರು ಎಂದು ಕೇಳಿದ್ದೀರಾ?

ಹೀಗೆ ಮಾಡಿ ನೋಡಿ. ಅಟ್ಟದ ಮೇಲಿಂದ ಪುಸ್ತಕ ತೆಗೆದುಕೊಡಲು ಅವರನ್ನೇ ಕೇಳಿ. ಒಂದು ಸಂಜೆ, ಊಟಕ್ಕೆ ಮೊದಲು, ಆ ಜಲಾಂಜಲಿಯ ಪದ್ಯವನ್ನು ಅವರಿಗೆ ಗಟ್ಟಿಯಾಗಿ ಓದಿ ಅರ್ಥ ಹೇಳಿ. ಹಳಗನ್ನಡ ಅವರಿಗೆ ಬರದಿದ್ದರೂ ಪರವಾಗಿಲ್ಲ, ತಮ್ಮನ ಹೆಸರು ಹೇಳಿದರೆ ಸಾಕು. ಆಮೇಲೆ ಬೇಂದ್ರೆಯವರ ಆ ಪದ್ಯವನ್ನು ಅವರ ಕೈಗೆ ಕೊಟ್ಟು, ಓದಿ ಎಂದು ಹೇಳಿ. ಅದರ ಕೊನೆಯ ಭಾಗದಲ್ಲಿ 'ಅತ್ತಾರ ಅತ್ತುಬಿಡು ಹೊನಲು ಬರಲಿ' ಎಂದು ಬರುತ್ತದೆ, 'ತುಟಿ ಕಚ್ಚಿ ಹಿಡಿಯದಿರು ಬಿಕ್ಕ' ಎಂದೂ ಬರುತ್ತದೆ. ಅಲ್ಲಿಗೆ ಬಂದಾಗ ಅವರ ದನಿ ನಿಂತರೆ ನೀವು ಮುಂದುವರಿಸಿ. ಒಳಕೋಣೆಯಿಂದ ಅಮ್ಮ ಕೇಳಿಸಿಕೊಂಡು ಹೊರಗೆ ಬಂದರೆ ಪುಸ್ತಕ ಮುಚ್ಚಬೇಡಿ, ಪಕ್ಕದಲ್ಲಿ ಜಾಗ ಮಾಡಿಕೊಡಿ.